ಮಲಗಿ ನೋಡಿದ ಎರಡು ಗಾಡಿಗಳು

ಶೋರೂಮಿನ ನಟ್ಟನಡುವೆ ಮಿರಮಿರ ಮಿಂಚುತ್ತಾ ನಿಂತಿದ್ದ ಏಳು ಸೀಟಿನ ಎಸ್‌ಯುವಿ. ನನ್ನ ಗೆಳೆಯ ಇಮ್ತಿಯಾಜ್ ಅದರ ಹಿಂಬಾಗಿಲು ತೆಗೆಸಿದ. ಹಿಂದಿನ ಎರಡೂ ಸಾಲಿನ ಸೀಟು ಮಡಚಿಸಿದ. ಚಪ್ಪಲಿ ಕಳಚಿಟ್ಟು ಒಳಗೆ ಹತ್ತಿದವನೇ ಕಾಲು ಚಾಚಿ ಮಲಗಿಬಿಟ್ಟ.

ಎರಡೂ ಕೈ ಹೊಟ್ಟೆಯ ಮೇಲೆ. ಕುತ್ತಿಗೆ ಬಲಕ್ಕೆ ಹೊರಳಿಸಿ ಕಿಟಕಿಯತ್ತ ನೋಟ. ಒಂದು ನಿಮಿಷ ಆಯಿತು. ಎರಡು ನಿಮಿಷ ಆಯಿತು. ಪಕ್ಕದ ಗಾಡಿ ನೋಡುತ್ತಿದ್ದ ಗಂಡ ಹೆಂಡತಿ ಮಾತು ನಿಲ್ಲಿಸಿ ಇತ್ತ ತಿರುಗಿದರು.

ಸೇಲ್ಸ್ ಹುಡುಗಿ ಮೆಲ್ಲಗೆ ನನ್ನ ಹತ್ತಿರ ಬಂದಳು. “ಸರ್, ಅಂಕಲ್‌ಗೆ ಹುಷಾರಿಲ್ವಾ? ನೀರು ತರ್ಲಾ?”

“ಇಲ್ಲಮ್ಮ, ಗಾಡಿ ಚೆಕ್ ಮಾಡ್ತಿದಾನೆ” ಅಂದೆ.

ಆ ಹೊತ್ತು ನನಗೆ ನಾಚಿಕೆಯಾಗಿತ್ತು. ಯಾರಾದರೂ ನನ್ನ ವಿದ್ಯಾರ್ಥಿಗಳು ನೋಡಿದರೆ ಏನು ಗತಿ ಅಂತ ಬಾಗಿಲ ಕಡೆ ನೋಡಿದ್ದೆ. ಇವತ್ತು ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಆದರೆ ಕಾರಣ ಬೇರೆ.

ಮೊದಲಿನಿಂದ ಹೇಳುತ್ತೇನೆ.

ದುರ್ಗಿಗುಡಿಯ ನಮ್ಮ ಮನೆಯಲ್ಲಿ ಐದು ಜನ. ನಾನು, ಹೆಂಡತಿ ಸುಮಾ, ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ಮಂಡಿನೋವಿನ ಅತ್ತೆ. (ಈ ಅಂಕಣದ ಹಳೆಯ ಓದುಗರಿಗೆ ಅತ್ತೆಯವರ ಪರಿಚಯ ಮತ್ತೆ ಬೇಕಾಗಿಲ್ಲ. ಹಿಂದೊಮ್ಮೆ ಅವರ ಮಂಡಿಯ ಬಗ್ಗೆ ಬರೆದದ್ದಕ್ಕೆ ಹದಿನೈದು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.) ಇದ್ದದ್ದು ಒಂದು ಹಳೆಯ ಪುಟ್ಟ ಕಾರು. ಐದೂ ಜನ ಕೂತರೆ ಒಬ್ಬರು ಉಸಿರು ಬಿಡುವಾಗ ಇನ್ನೊಬ್ಬರು ಎಳೆದುಕೊಳ್ಳಬೇಕು, ಅಷ್ಟು ಜಾಗ. ದೊಡ್ಡ ಗಾಡಿ ತಗೊಳ್ಳೋಣ ಅಂತ ತೀರ್ಮಾನವಾಯಿತು.

ತೀರ್ಮಾನವಾದದ್ದು ಒಂದೇ ದಿನದಲ್ಲಿ. ಯಾವುದು ಅನ್ನುವುದಕ್ಕೆ ಮೂರು ತಿಂಗಳು.

ಕೊನೆಗೆ ಕಣದಲ್ಲಿ ಉಳಿದದ್ದು ಎರಡು. ಹೆಸರು ಬರೆಯುವುದಿಲ್ಲ. ಬರೆದರೆ ಎರಡೂ ಕಡೆಯ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ. ಒಂದು ಪೆಟ್ಟಿಗೆಯ ಹಾಗೆ ಚೌಕಾಕಾರದ್ದು. ಲಾರಿಗೆ ಇರುವಂಥ ಗಟ್ಟಿ ಚಾಸಿ, ದೊಡ್ಡ ದೊಡ್ಡ ಕಿಟಕಿ, ಎತ್ತರದ ಮೆಟ್ಟಿಲು, ಸ್ವಲ್ಪ ಒರಟು ಓಟ. ಇನ್ನೊಂದು ಸೋಪಿನ ಬಿಲ್ಲೆಯ ಹಾಗೆ ನುಣುಪಾದದ್ದು. ಮೆತ್ತನೆಯ ಓಟ, ನಡುವಿನ ಸಾಲಿನಲ್ಲಿ ಕೈಯಿಡಲು ತೋಳಿರುವ ಎರಡು ಬಿಡಿ ಕುರ್ಚಿ, ಮೇಲೆ ಗಾಜಿನ ಚಾವಣಿ. ಮನೆಯಲ್ಲಿ ಅವಕ್ಕೆ ಚೌಕ, ನುಣುಪು ಅಂತಲೇ ಹೆಸರಾಯಿತು.

ಊಟಕ್ಕೆ ಕೂತಾಗಲೆಲ್ಲ ಫೋನಿನಲ್ಲಿ ವಿಡಿಯೋ. ಒಬ್ಬ ಚೌಕವನ್ನು ಬಂಡೆ ಹತ್ತಿಸುತ್ತಾನೆ. ಇನ್ನೊಬ್ಬ ನುಣುಪನ್ನು ಮರಳಿನಲ್ಲಿ ಕುಣಿಸುತ್ತಾನೆ. ನಾವು ಹತ್ತಿಸಬೇಕಾಗಿದ್ದದ್ದು ಅತ್ತೆಯನ್ನು ಮಾತ್ರ! ಆದರೂ ಬಿಟ್ಟ ಬಾಯಿ ಮುಚ್ಚದೆ ನೋಡಿದೆವು.

ಗಾಡಿ ಅಂದಮೇಲೆ ಇಮ್ತಿಯಾಜ್ ಇಲ್ಲದೆ ಆಗುತ್ತದೆಯೇ? ಭದ್ರಾವತಿಯ ನ್ಯೂಟೌನಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನಪ್ಪ, ನನ್ನಪ್ಪ ಕಾರ್ಖಾನೆಯಲ್ಲಿ ಒಂದೇ ಪಾಳಿ. ನಾನು ಪುಸ್ತಕ ಹಿಡಿದು ಕಾಲೇಜು ಮೇಷ್ಟ್ರಾದೆ. ಅವನು ವೆಲ್ಡಿಂಗ್ ರಾಡು ಹಿಡಿದ. ಮಾಚೇನಹಳ್ಳಿಯಲ್ಲಿ ಅವನದೊಂದು ಶೆಡ್ ಇದೆ. ಟ್ರಾಕ್ಟರಿಗೆ ಟ್ರೇಲರ್, ನೀರಿನ ಟ್ಯಾಂಕರ್, ಕಬ್ಬಿನ ಹಾಲಿನ ಗಾಡಿ, ಏನು ಕೇಳಿದರೂ ಮಾಡಿಕೊಡುತ್ತಾನೆ. ಓಡಾಡಲು ಇರುವುದು ಒಂದು ಹಳೆಯ ಬೈಕು.

ಅವನ ಹೆಂಡತಿ ನಸೀಮಾ. ನ್ಯೂಟೌನಿನ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿದ ಕೈ ಅವಳದು. ಐದು ವರ್ಷದ ಹಿಂದೆ ಸ್ಕೂಟರಿನ ಹಿಂದೆ ಕೂತು ಬರುವಾಗ, ಬಣ್ಣ ಬಳಿಯದ ಒಂದು ಹಂಪ್ ಅವಳನ್ನು ಎತ್ತಿ ಹಾಕಿತು. ಬೆನ್ನುಮೂಳೆ ಹೋಯಿತು. ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಹತ್ತು ನಿಮಿಷ ಕೂರಿಸಿದರೆ, ಮಲಗಿ ಮಲಗಿ ಆದ ಹುಣ್ಣು ಬಾಯಿ ತೆರೆಯುತ್ತದೆ. ಹಾಗಾಗಿ ಅವಳ ಜಗತ್ತು ಈಗ ಒಂದು ಕಬ್ಬಿಣದ ಮಂಚ, ಅದರ ಮೇಲೆ ಸದಾ ಗುಂಯ್ ಅನ್ನುವ ಮೋಟಾರಿನ ಗಾಳಿ ಹಾಸಿಗೆ. ಅಷ್ಟೇ.

ಮಕ್ಕಳಿಲ್ಲ. ಆದರೆ ನಸೀಮಾಳ ತಂಗಿಯ ಮಗಳು ಆಫ್ರೀನ್ ಇವರ ಮನೆಯಲ್ಲೇ ಇದ್ದು ಹತ್ತನೇ ತರಗತಿವರೆಗೆ ಓದಿದ ಹುಡುಗಿ. ನಸೀಮಾ ಅವಳಿಗೆ ಜಡೆ ಹಾಕಿದ್ದಾಳೆ, ಇಮ್ತಿಯಾಜ್ ಸೈಕಲ್ ಕಲಿಸಿದ್ದಾನೆ. ಹೆತ್ತವರಿರುವುದು ಚಿತ್ರದುರ್ಗದಲ್ಲಿ. ಅವಳ ಮದುವೆ ಅಲ್ಲೇ ನಿಶ್ಚಯವಾಯಿತು. ಭದ್ರಾವತಿಯಲ್ಲೇ ಮಾಡಿ ಅಂತ ಹುಡುಗಿ ಹಟ ಮಾಡಿದಳಂತೆ. ಗಂಡಿನ ಕಡೆಯವರು ಒಪ್ಪಲಿಲ್ಲ.

ಒಂದು ಭಾನುವಾರ ನಾನು ಅವರ ಮನೆಗೆ ಹೋದಾಗ ಇದೇ ಮಾತು.

“ಆಂಬುಲೆನ್ಸ್ ಮಾಡ್ಕೊಂಡು ಹೋಗ್ಬಹುದಲ್ಲ” ಅಂದೆ.

“ನಕ್ಕೋ ಅಣ್ಣಾ. ಅದು ಮಾತ್ರ ಬೇಡ” ಅಂದಳು ನಸೀಮಾ. “ಅದ್ರಲ್ಲಿ ಹತ್ತಿದಾಗೆಲ್ಲ ನಾನು ಹೋಗಿರೋದು ಆಸ್ಪತ್ರೆಗೇ. ಕಿಟಕಿಗೂ ಬಿಳೀ ಬಣ್ಣ ಬಳಿದಿರ್ತಾರೆ, ಹೊರಗೆ ಏನೂ ಕಾಣಲ್ಲ. ಮದ್ವೆ ಮನೆ ಮುಂದೆ ಆಂಬುಲೆನ್ಸ್ ನಿಂತ್ರೆ ಜನ ಏನಂತಾರೆ ಹೇಳಿ? ಹುಡುಗಿಗೆ ಅಪಶಕುನ ಅಂತಾರೆ.”

ಬಾಡಿಗೆ ಗಾಡಿಯವರನ್ನು ಕೇಳಿ ನೋಡಿದ್ದನಂತೆ ಇಮ್ತಿಯಾಜ್. ಮಲಗಿಸಿಕೊಂಡು ಹೋಗುವುದು ಅಂದ ತಕ್ಷಣ ಸೀಟು ಕೊಳೆಯಾಗುತ್ತದೆ ಅಂದರಂತೆ. ಎರಡು ದಿನ ಉಳಿಯಬೇಕೆಂದರೆ ಮಂಚ, ಗಾಳಿ ಹಾಸಿಗೆ, ಕರೆಂಟು ಹೋದರೆ ಬೇಕಾಗುವ ಬ್ಯಾಟರಿ, ಎಲ್ಲ ಹೋಗಬೇಕು. ಅದಕ್ಕೊಂದು ಟ್ರೇಲರ್ ಕಟ್ಟುತ್ತೇನೆ ಅಂದರೆ ಫೋನೇ ಇಟ್ಟುಬಿಟ್ಟರಂತೆ.

ನಾನು ಟೀಯಲ್ಲಿ ಬಿಸ್ಕತ್ತು ಅದ್ದುತ್ತಾ ಹೇಳಿದೆ: “ಅಯ್ಯೋ, ನಾನು ದೊಡ್ಡ ಗಾಡಿ ತಗೋತಿದೀನಲ್ಲ ಮಾರಾಯ. ಅದ್ರಲ್ಲೇ ಹೋಗಿ. ಟ್ರೇಲರ್ ಬೇಕಾದ್ರೂ ಕಟ್ಕೋ. ಡ್ರೈವಿಂಗಿಗೆ ನಾನೇ ಬರ್ತೀನಿ.”

ಹೇಳುವುದಕ್ಕೆ ನನಗೆ ಏನು ಖರ್ಚಾಯಿತು? ಬಿಸ್ಕತ್ತು ಟೀಯೊಳಗೆ ಮುರಿದು ಬೀಳುವಷ್ಟು ಹೊತ್ತೂ ಆಗಲಿಲ್ಲ. ಆದರೆ ನಸೀಮಾ ನನ್ನನ್ನೇ ನೋಡುತ್ತಿದ್ದಳು. “ನಿಜವಾಗ್ಲೂ ಅಣ್ಣಾ?” ಅಂದಳು.

“ಮತ್ತೆ? ಇದೆಲ್ಲ ಒಂದು ದೊಡ್ಡ ವಿಷ್ಯನಾ?”

ಇಮ್ತಿಯಾಜ್ ಶೋರೂಮಿಗೆ ನನ್ನ ಜೊತೆ ಬಂದದ್ದು ಹೀಗೆ. ನನಗೆ ಗಾಡಿ ಆರಿಸಿಕೊಡಲು, ಅವಳಿಗೆ ಜಾಗ ನೋಡಲು.

ಮೊದಲು ಚೌಕದ ಶೋರೂಮು. ಮಲಗಿ ಎದ್ದವನ ಮುಖ ಅರಳಿತ್ತು. “ಹೊರಗೆ ಕಾಣತ್ತೆ ಮಾರಾಯ! ಆ ಎದುರುಗಡೆ ಬೋರ್ಡು ಪೂರ್ತಿ ಓದಿದೆ. ಮರ ಕಾಣ್ತು. ಬಸ್ಸಲ್ಲಿ ಕೂತಿರೋರ ಮುಖ ಕಾಣ್ತು.” ಜೇಬಿನಿಂದ ಟೇಪು ತೆಗೆದು ಉದ್ದ, ಅಗಲ ಅಳೆದ. ಹುಡುಗಿಯನ್ನು ಕರೆದ.

“ಅಮ್ಮಾ, ಇದು ಎಷ್ಟು ಎಳೆಯತ್ತೆ?”

“ಮೈಲೇಜಾ ಅಂಕಲ್?”

“ಅಲ್ಲಮ್ಮ. ಹಿಂದೆ ಟ್ರೇಲರ್ ಕಟ್ಟಿದ್ರೆ ಎಷ್ಟು ಭಾರ ಎಳೆಯತ್ತೆ ಅಂತ.”

“ಓ, ಟೋಯಿಂಗಾ? ಗಾಡಿ ಕೆಟ್ಟು ನಿಂತ್ರೆ ನಮ್ಮೋರೇ ಬಂದು ಟೋ ಮಾಡ್ತಾರೆ ಅಂಕಲ್. ಅದು ಫ್ರೀ!”

ಅವಳ ತಪ್ಪಲ್ಲ. ಮ್ಯಾನೇಜರನ್ನು ಕೇಳಿದಳು. ಮ್ಯಾನೇಜರ್ ಇನ್ನಾರಿಗೋ ಫೋನು ಮಾಡಿದ. ಬಣ್ಣಬಣ್ಣದ ಪುಸ್ತಕದಲ್ಲಿ ಸ್ಪೀಕರ್ ಎಷ್ಟು, ಸೀಟಿಗೆ ಬಿಸಿ ಗಾಳಿಯೋ ತಣ್ಣನೆ ಗಾಳಿಯೋ, ಒಳಗೆ ಎಷ್ಟು ಬಣ್ಣದ ದೀಪ, ಎಲ್ಲ ಇತ್ತು. ಎಷ್ಟು ಎಳೆಯುತ್ತದೆ ಅನ್ನುವುದು ಎಲ್ಲೂ ಇರಲಿಲ್ಲ. “ಇಲ್ಲಿವರೆಗೆ ಯಾರೂ ಕೇಳಿಲ್ಲ ಸರ್” ಅಂದ ಮ್ಯಾನೇಜರ್. ಇಮ್ತಿಯಾಜ್ ತಾನೇ ನೆಲಕ್ಕೆ ಕೂತು, ಫೋನಿನ ಟಾರ್ಚು ಹಿಡಿದು ಗಾಡಿಯ ಹೊಟ್ಟೆ ಕೆಳಗೆ ತಲೆ ತೂರಿಸಿದ. ಚಾಸಿಗೆ ಬೆರಳಿನ ಗೆಣ್ಣಿನಿಂದ ತಟ್ಟಿದ. “ಇದು ಎಳೆಯತ್ತೆ ಬಿಡು” ಅಂದ.

ಆಮೇಲೆ ನುಣುಪಿನ ಶೋರೂಮು. ಅಲ್ಲೂ ಮಲಗಿದ. ಬಿಡಿ ಕುರ್ಚಿಗಳು ಮಡಚಿದರೂ ಸಪಾಟಾಗಲಿಲ್ಲ. ಎರಡರ ನಡುವಿನ ಸಂದಿಗೆ ಅವನ ಸೊಂಟ ಇಳಿಯಿತು. ಕಿಟಕಿ ಮುಂದಿನಿಂದ ಹಿಂದಕ್ಕೆ ಹೋದ ಹಾಗೆ ಓರೆಯಾಗಿ ಮೇಲಕ್ಕೇರಿತ್ತು. ನೋಡಲು ಚಂದ. ಮಲಗಿದವನ ಕಣ್ಣೆದುರಿಗೆ ಮಾತ್ರ ಬರೀ ಪ್ಲಾಸ್ಟಿಕ್ಕು.

“ಮೇಲೆ ಗಾಜಿದೆಯಲ್ಲೋ. ಆಕಾಶ ಕಾಣತ್ತೆ” ಅಂದೆ.

ಅವನು ಮಲಗಿದಲ್ಲಿಂದಲೇ ನನ್ನನ್ನು ನೋಡಿದ. “ಐದು ವರ್ಷದಿಂದ ಮೇಲ್ಗಡೆನೇ ನೋಡ್ತಿದಾಳೆ ಮಾರಾಯ.”

ಎದ್ದು ಬಂದ ಮೇಲೆ ಎರಡನ್ನೂ ಓಡಿಸಿ ನೋಡಿದೆವು. ನ್ಯಾಯವಾಗಿಯೇ ಹೇಳಿದ. “ಓಟ ಇದ್ರದ್ದೇ ನಯ. ಸಿಟೀಲಿ ತಿರುಗ್ಸೋಕೂ ಸುಲಭ. ನಿಮ್ಮ ಅತ್ತೆಯವ್ರಿಗೆ ಹತ್ತೋಕೆ ಮೆಟ್ಲೂ ಕೆಳಗಿದೆ. ಅದು ಒರಟು. ಆದ್ರೆ ಏಳು ಜನ ಕೂತ್ಮೇಲೂ ಲಗೇಜ್ ಎಳೀಬೇಕು ಅಂದ್ರೆ ಅದೇ. ಟೈರಲ್ಲಿ ಗಾಳಿ ಒಂಚೂರು ಕಮ್ಮಿ ಮಾಡಿ ನಲವತ್ರಲ್ಲಿ ಹೋದ್ರೆ ಬೆನ್ನಿಗೂ ಪರವಾಗಿಲ್ಲ.” ಕೊನೆಯ ಮಾತು ನನಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು.

ಹದಿನೈದು ದಿನ ಕಳೆದು ಅವನ ಶೆಡ್ಡಿಗೆ ಹೋದೆ. ಟ್ರೇಲರ್ ಎದ್ದು ನಿಂತಿತ್ತು! ಚಿಕ್ಕದು, ಎರಡೇ ಚಕ್ರದ್ದು. ಮಡಚಿದ ಮಂಚ ಕೂರಲು ಒಂದು ಗೂಡು, ಬ್ಯಾಟರಿಗೆ ಮುಚ್ಚಳದ ಪೆಟ್ಟಿಗೆ, ಬಟ್ಟೆಬರೆಗೆ ಒಂದು ಪುಟ್ಟ ಬೀರು. ಬಣ್ಣ ಗಿಳಿಹಸಿರು. ಫೋನಿನಲ್ಲಿ ಬಣ್ಣಗಳ ಫೋಟೋ ತೋರಿಸಿ ನಸೀಮಾಳಿಂದಲೇ ಆರಿಸಿದ್ದನಂತೆ. “ಆರ್‌ಟಿಒದಲ್ಲೂ ವಿಚಾರಿಸ್ಕೊಂಡು ಬಂದಿದೀನಿ. ಗಾಡಿ ಬಂದ ತಕ್ಷಣ ಪೇಪರ್ ಮಾಡಿಸ್ತೀನಿ” ಅಂದ. “ನಿಂದು ಯಾವಾಗ ಬುಕ್ಕಿಂಗು?”

“ಈ ವಾರ” ಅಂದೆ.

ಆ ವಾರವೇ ಮನೆಯಲ್ಲಿ ವೋಟಿಂಗು. ದೊಡ್ಡವಳು ನುಣುಪು. ಚಿಕ್ಕವಳು ನುಣುಪು. (ಗಾಜಿನ ಚಾವಣಿಗೆ ಬಿದ್ದ ವೋಟು ಅವು.) ಅತ್ತೆ, ಕಾಲೆತ್ತಲು ಸುಲಭ ಅಂತ ನುಣುಪು. ಸುಮಾಳೂ ಅದನ್ನೇ ಹೇಳಿದಳು. “ಅಮ್ಮನಿಗೆ ಆ ಇನ್ನೊಂದನ್ನ ಹತ್ತೋಕಾಗಲ್ಲ ಕಣ್ರೀ. ಏಣಿ ಇಡಬೇಕು.”

ಅವರ ಯಾರ ಮಾತಿನಲ್ಲೂ ತಪ್ಪಿಲ್ಲ. ನಸೀಮಾಳ ವಿಷಯ ನಾನು ಮನೆಯಲ್ಲಿ ಹೇಳಿದ್ದೆನೆ? ಹೇಳಿದ್ದೆ. ಹೇಗೆ? “ಯಾವತ್ತಾದ್ರೂ ಒಂದಿನ ಇಮ್ತಿಗೆ ಗಾಡಿ ಕೊಡ್ಬೇಕಾಗಬಹುದು” ಅಂತ. ಅಷ್ಟೇ. ಮದುವೆ ಅಂತ ಹೇಳಿರಲಿಲ್ಲ. ಗಿಳಿಹಸಿರು ಟ್ರೇಲರ್ ಅಂತ ಹೇಳಿರಲಿಲ್ಲ. ಒಬ್ಬ ಹೆಂಗಸು ಐದು ವರ್ಷದಿಂದ ಬಸ್ಸಲ್ಲಿ ಕೂತವರ ಮುಖ ನೋಡಿಲ್ಲ ಅಂತ ಹೇಳಿರಲಿಲ್ಲ. ಹೇಳಿದ್ದರೆ ಸುಮಾ ಬೇರೇನೋ ಯೋಚಿಸುತ್ತಿದ್ದಳು ಅಂತ ಈಗ ನನಗೆ ಗೊತ್ತು. ಹಾಗಾದರೆ ಯಾಕೆ ಹೇಳಲಿಲ್ಲ?

ನಿಜ ಹೇಳಲೇ? ನನಗೂ ನುಣುಪಿನದೇ ಬೇಕಿತ್ತು.

ಬುಕ್ ಮಾಡಿದೆ. ಇಮ್ತಿಯಾಜನಿಗೆ ಫೋನು ಮಾಡಲು ಎರಡು ದಿನ ತಗೊಂಡೆ. “ಆ ಚೌಕದ್ದಕ್ಕೆ ವೇಟಿಂಗ್ ಜಾಸ್ತಿ ಅಂತೆ ಮಾರಾಯ. ಎಂಟು ತಿಂಗಳಂತೆ. ಅದಕ್ಕೆ ಇನ್ನೊಂದನ್ನೇ ಬುಕ್ ಮಾಡ್ದೆ.”

ಆ ಕಡೆ ಗ್ರೈಂಡರ್ ಸದ್ದು ನಿಂತಿತು. “ಹೌದಾ? ಶೋರೂಮಿನ ಆ ಹುಡುಗಿ ಮೂರು ವಾರ ಅಂದಿದ್ಲಲ್ಲ?”

“ಈಗ ಜಾಸ್ತಿ ಆಗಿದೆಯಂತೆ.”

“ಇರ್ಲಿ ಬಿಡು. ಇದ್ರಲ್ಲೇ ಏನಾದ್ರೂ ಮಾಡೋಣ” ಅಂದ.

ಗಾಡಿ ಬಂತು. ಹಾರ, ತೆಂಗಿನಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು, ದೊಡ್ಡ ಗಾತ್ರದ ಬೀಗದ ಕೈ ಹಿಡಿದು ಫೋಟೋ. ಮಗಳು ಸ್ಟೇಟಸ್ ಹಾಕಿದಳು. ಮರುದಿನ ಬೆಳಿಗ್ಗೆ ಇಮ್ತಿಯಾಜ್ ಬೈಕಿನಲ್ಲಿ ಬಂದ. ಗಾಡಿಯನ್ನು ಒಂದು ಸುತ್ತು ಬಂದು “ಚೆನ್ನಾಗಿದೆ ಮಾರಾಯ, ಬಣ್ಣ ಚೆನ್ನಾಗಿ ಆರಿಸಿದೀಯ” ಅಂದ. ಟೇಪು ತೆಗೆದ. ಮತ್ತೆ ಅಳೆದ. ರಟ್ಟಿನ ಚೂರಿನ ಮೇಲೆ ಪೆನ್ಸಿಲಿನಿಂದ ಗೀಚಿದ.

“ಸೀಟಿನ ಮೇಲೆ ಪ್ಲೈವುಡ್ ಹಾಸಿ ಸಪಾಟ್ ಮಾಡ್ತೀನಿ. ಅದ್ರ ಮೇಲೆ ಹಾಸಿಗೆ. ಅಷ್ಟೆತ್ತರಕ್ಕೆ ಮಲಗಿಸಿದ್ರೆ ಕಿಟಕಿನೂ ಸಿಗತ್ತೆ. ಹಿಂದೆ ಟ್ರೇಲರಿಗೆ ಹುಕ್ ಹಾಕೋಕೆ ನಾಲ್ಕೇ ತೂತು. ನನ್ನ ಕೈಯಾರೆ ಹಾಕ್ತೀನಿ, ಗೊತ್ತೂ ಆಗಲ್ಲ.”

ತೂತು. ಹೊಸ ಗಾಡಿಗೆ. ಹಾರದ ಹೂವು ಇನ್ನೂ ಬಾಡಿರಲಿಲ್ಲ.

“ವಾರಂಟಿ ಹೋಗತ್ತೇನೋ ಮಾರಾಯ” ಅಂದೆ. “ಇರು, ಶೋರೂಮಲ್ಲಿ ಒಂದ್ಮಾತು ಕೇಳ್ತೀನಿ.”

ಅವನು ಟೇಪಿನ ಗುಂಡಿ ಒತ್ತಿದ. ಅದು ಸರ್ರನೆ ಒಳಗೆ ಹೋಯಿತು. “ಕೇಳು. ಇನ್ನೂ ಮೂರು ವಾರ ಇದೆ” ಅಂದ. ಸುಮಾ ಕಾಫಿ ತಂದಳು. ಕುಡಿದು ಹೊರಟ.

ನಾನು ಶೋರೂಮಿನಲ್ಲಿ ಕೇಳಿದೆನೆ? ಇಲ್ಲ. ಕೇಳುವುದು ಬೇಡ ಅಂತ ಗಟ್ಟಿಯಾಗಿ ನಿರ್ಧರಿಸಿದ್ದೂ ಇಲ್ಲ. ಅದೇ ನೋಡಿ ಇದರ ಕರಾಮತ್ತು. ನಾಳೆ ಕೇಳೋಣ ಅಂದುಕೊಂಡೆ. ನಾಳೆ ಪರೀಕ್ಷೆ ಪೇಪರು ತಿದ್ದುವುದಿತ್ತು. ನಾಡಿದ್ದು ಅತ್ತೆಯನ್ನು ದೇವಸ್ಥಾನಕ್ಕೆ ಕರೆದೊಯ್ಯುವುದಿತ್ತು. ಇಮ್ತಿಯಾಜ್ ಒಮ್ಮೆ ಫೋನು ಮಾಡಿದ. ಕ್ಲಾಸಿನಲ್ಲಿದ್ದೆ, ಎತ್ತಲಿಲ್ಲ. ಸಂಜೆ ಮಾಡೋಣ ಅಂದುಕೊಂಡೆ. ಅವನು ಮತ್ತೆ ಮಾಡಲಿಲ್ಲ. ನಿಮಗೂ ಹೀಗಾಗಿರುತ್ತದೆ, ಅಲ್ಲವೇ? ಒಂದು ಕೆಲಸವನ್ನು ನಾವು ಬಿಟ್ಟಿರುವುದಿಲ್ಲ, ಆದರೆ ಅದು ನಮ್ಮ ಕೈಯಿಂದ ಜಾರಿ ಹೋಗುತ್ತಿರುವುದನ್ನು ಸುಮ್ಮನೆ ನೋಡುತ್ತಿರುತ್ತೇವೆ. ಜಾರಿ ಹೋದ ಮೇಲೆ ಒಳಗೊಳಗೇ ಹಗುರವೂ ಆಗುತ್ತದೆ.

ಮದುವೆಯ ಭಾನುವಾರ ನಾವು ಗಾಜನೂರು ಡ್ಯಾಮಿಗೆ ಹೋಗಿದ್ದೆವು. ಮಕ್ಕಳು ಗಾಜಿನ ಚಾವಣಿ ತೆಗೆದು ತಲೆ ಹೊರಗೆ ಹಾಕಿ ಕೂಗಿದರು. ಅತ್ತೆ ಬೈದರು. ಒಳ್ಳೆಯ ದಿನವೇ.

ನನಗೆ ನೆನಪಾದದ್ದು ಮಂಗಳವಾರ. ಪಾಠ ಮಾಡುತ್ತಾ ಬೋರ್ಡಿನ ಮೇಲೆ ತಾರೀಕು ಬರೆಯುವಾಗ. ಚಾಕ್‌ಪೀಸ್ ಹಿಡಿದ ಕೈ ಅಲ್ಲೇ ನಿಂತಿತು. ಮಕ್ಕಳು, “ಸರ್, ಏನಾಯ್ತು?” ಅಂದರು. ಏನೂ ಇಲ್ಲ ಅಂದೆ.

ಶನಿವಾರ ಮಧ್ಯಾಹ್ನ ಭದ್ರಾವತಿಗೆ ಹೋದೆ. ಗಾಡಿಯನ್ನು ಎರಡು ಬೀದಿ ಆಚೆ ನಿಲ್ಲಿಸಿ ನಡೆದೆ. ಅವರ ಮನೆಯ ಮುಂದೆ ಅದನ್ನು ತಂದು ನಿಲ್ಲಿಸುವ ಧೈರ್ಯವಾಗಲಿಲ್ಲ.

ಇಮ್ತಿಯಾಜ್ ಬಾಗಿಲು ತೆಗೆದು “ಬಾ ಬಾ” ಅಂದ. ಎಂದಿನ ಹಾಗೆಯೇ. ಟೀ ಮಾಡಲು ಒಳಗೆ ಹೋದ. ನಾನು ನಸೀಮಾಳ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳ ಕೈಯಲ್ಲಿ ಮೆಹಂದಿ ಇತ್ತು. ಮಾಸಿ ಕಿತ್ತಳೆ ಬಣ್ಣಕ್ಕೆ ಬಂದಿತ್ತು.

“ಮದ್ವೆ ಚೆನ್ನಾಗಾಯ್ತಾ?” ಅಂತ ಕೇಳಿದೆ. ಬೇರೆ ಏನು ಕೇಳುವುದು?

“ಆಯ್ತು ಅಣ್ಣಾ. ಫೋನಲ್ಲಿ ನೋಡ್ದೆ. ಹುಡುಗಿ ಒಪ್ಪಿ ‘ಕುಬೂಲ್’ ಅನ್ನೋ ಹೊತ್ತಿಗೆ ಸರಿಯಾಗಿ ಫೋನ್ ನಿಂತೋಯ್ತು. ಆಮೇಲೆ ಬಂದಾಗ ಎಲ್ರೂ ಊಟಕ್ಕೆ ಕೂತಿದ್ರು.” ಸ್ವಲ್ಪ ನಕ್ಕಳು. “ಇವ್ರೂ ಹೋಗ್ಲಿಲ್ಲ. ನೀವಾದ್ರೂ ಹೋಗ್ರೀ, ಅವರಪ್ಪನ ಪಕ್ಕ ನಿಲ್ರೀ ಅಂತ ಎಷ್ಟು ಹೇಳ್ದೆ. ಶರ್ಟು ಇಸ್ತ್ರಿ ಮಾಡಿಟ್ಟಿದ್ರು. ಬೆಳಿಗ್ಗೆ ಎದ್ದು ವಾಪಸ್ ಬೀರುವಲ್ಲಿಟ್ರು. ಮೊನ್ನೆ ಹುಡುಗಿ, ಅವಳ ಗಂಡ ಇಬ್ರೂ ಬಂದಿದ್ರು. ಅರ್ಧ ಗಂಟೆ ಇದ್ರು. ಅವಳು ಅತ್ತಳು. ನಾನೂ ಅತ್ತೆ.”

“ಈಗ ಹೋಗೋಣ ನಸೀಮಾ” ಅಂದೆ. “ಅವಳ ಹೊಸ ಮನೆ ನೋಡ್ಕೊಂಡು ಬರೋಣ. ನಾಳೆನೇ ಹುಕ್ ಹಾಕಿಸ್ತೀನಿ. ವಾರಂಟಿ ಹೋದ್ರೆ ಹೋಗ್ಲಿ.”

“ನಕ್ಕೋ ಅಣ್ಣಾ. ಹುಣ್ಣು ಆಳಕ್ಕೆ ಹೋಗಿದೆಯಂತೆ. ಮಗ್ಗುಲು ಬದಲಿಸೋಕೂ ಇಬ್ರು ಬೇಕು. ಅಲುಗಾಡಿಸ್ಲೇಬಾರ್ದು ಅಂದಿದಾರೆ ಡಾಕ್ಟ್ರು.” ಹಾಸಿಗೆಯ ಮೋಟಾರು ಗುಂಯ್ ಅನ್ನುತ್ತಿತ್ತು. ಆಮೇಲೆ, ಬೈಯುವ ದನಿಯಲ್ಲಲ್ಲ, ಮಕ್ಕಳಿಗೆ ಹೊಲಿಗೆ ಹೇಳಿಕೊಡುವ ದನಿಯಲ್ಲಿ ಹೇಳಿದಳು:

“ಒಂದ್ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಕರ್ಕೊಂಡು ಹೋಗ್ತೀನಿ ಅಂತ ಓಡಾಡೋರಿಗೆ ಹೇಳಿ, ಪರವಾಗಿಲ್ಲ. ಅವ್ರಿಗೆ ನೂರು ಕೆಲ್ಸ, ಮರೆತುಬಿಡ್ತಾರೆ. ಮಲಗಿರೋರಿಗೆ ಹೇಳ್ಬೇಡಿ. ಮರೆಯೋಕೆ ನಮ್ಗೆ ಬೇರೆ ಕೆಲ್ಸ ಇರಲ್ಲ.”

ಇಮ್ತಿಯಾಜ್ ಟೀ ತಂದ. ಮೂವರೂ ಕುಡಿದೆವು. “ಮೈಲೇಜ್ ಎಷ್ಟು ಕೊಡ್ತಿದೆ?” ಅಂತ ಕೇಳಿದ. ಹೇಳಿದೆ. “ಪರವಾಗಿಲ್ಲ, ಇಂಜಿನ್ ಪಳಗಿದ ಮೇಲೆ ಇನ್ನೂ ಕೊಡತ್ತೆ” ಅಂದ.

ಹೊರಟಾಗ ಗಾಡಿಯವರೆಗೂ ಬಂದ. ಎರಡು ಬೀದಿ. “ಇಷ್ಟು ದೂರ ಯಾಕೆ ನಿಲ್ಸಿದೀಯ? ನಮ್ಮನೆ ಮುಂದೆ ಜಾಗ ಇತ್ತಲ್ಲ” ಅಂದ.

“ಟ್ರೇಲರ್ ಏನು ಮಾಡ್ದೆ?” ಅಂತ ಕೇಳಿದೆ.

“ನೀರಿನ ಟ್ಯಾಂಕ್ ಕೂರ್ಸಿ ಒಬ್ಬ ಗಿರಾಕಿಗೆ ಕೊಟ್ಟೆ. ಕೆಲ್ಸಕ್ಕೆ ಬಂತು.” ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಹಾಗೇ ಅಂದ: “ವೇಟಿಂಗು ಮೂರೇ ವಾರ ಇತ್ತು. ನೀನು ಫೋನ್ ಮಾಡಿದ ದಿನವೇ ಶೋರೂಮಿನ ಆ ಹುಡುಗೀನ ಕೇಳಿದ್ದೆ.”

“ಇಮ್ತಿ...”

“ನೀನು ಯಾವ ಗಾಡಿ ತಗೊಂಡ್ರೂ ನಂಗೇನು ಮಾರಾಯ? ನಿನ್ನ ಮನೆ, ನಿನ್ನ ಅತ್ತೆ, ನಿನ್ನ ಮಕ್ಳು. ಹಾಗೇ ಹೇಳ್ಬೋದಿತ್ತು. ಆಗಲ್ಲ ಕಣೋ ಅಂದಿದ್ರೆ ನಾನು ಅವತ್ತೇ ಬೇರೆ ಕಡೆ ಹುಡುಕ್ತಿದ್ದೆ. ಸಾಗರದಲ್ಲಿ ನನ್ನ ಗಿರಾಕಿ ಒಬ್ರ ಹತ್ರ ಆ ಚೌಕದ ಗಾಡಿನೇ ಇದೆ. ಕಾಲು ಹಿಡ್ದಾದ್ರೂ ತರ್ತಿದ್ದೆ. ನೀನು ‘ಕೇಳ್ತೀನಿ’ ಅಂದೆಯಲ್ಲ. ಅದಕ್ಕೆ ಕಾಯ್ತಾ ಕೂತೆ.”

ಅವನ ದನಿ ಎಲ್ಲೂ ಏರಲಿಲ್ಲ. ಏರಿದ್ದರೆ ನನಗೆ ಸ್ವಲ್ಪ ಅನುಕೂಲವಾಗುತ್ತಿತ್ತು. “ತಪ್ಪಾಯ್ತು” ಅಂದೆ. “ಹೂಂ” ಅಂದ. ಬಾನೆಟ್ಟಿನ ಮೇಲಿನ ಕೈ ತೆಗೆದು, ಅಂಗೈಯ ಗುರುತು ಬಿದ್ದಿತ್ತೇನೋ, ತೋಳಿನಿಂದ ಒರೆಸಿದ. “ಹುಷಾರಾಗಿ ಹೋಗು” ಅಂದು ತಿರುಗಿ ನಡೆದ.

ಗಾಡಿ ಸ್ಟಾರ್ಟ್ ಮಾಡಿ ಮನೆಗೆ ಹೊರಟೆ.

ನೋಡಿ, ನಾವು ಕೆಟ್ಟವರಲ್ಲ. ಯಾರಾದರೂ ಏನಾದರೂ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಅನ್ನುವವರಲ್ಲ. ಅಂದರೆ ಬೇಜಾರಾಗುತ್ತಾರೆ. ಅದಕ್ಕೆ ‘ನೋಡೋಣ’ ಅನ್ನುತ್ತೇವೆ. ‘ಮಾಡೋಣ ಬಿಡಿ’ ಅನ್ನುತ್ತೇವೆ. ‘ಒಂದ್ಮಾತು ಕೇಳ್ತೀನಿ’ ಅನ್ನುತ್ತೇವೆ. ನಮ್ಮ ಒಳ್ಳೆಯ ಹೆಸರು ಹಾಗೇ ಉಳಿಯುತ್ತದೆ. ಆ ಹೆಸರಿನ ಭಾರವನ್ನು ಇನ್ಯಾರೋ ಎಳೆಯುತ್ತಿರುತ್ತಾರೆ. ಒಂದು ‘ಇಲ್ಲ’ ಅವತ್ತಿನ ಟೀಯನ್ನಷ್ಟೇ ಕಹಿ ಮಾಡುತ್ತಿತ್ತು. ನನ್ನ ‘ಹೂಂ’ ಒಂದು ಮದುವೆಯನ್ನೇ ನುಂಗಿತು.

ಸುಮಾಳಿಗೆ ಎಲ್ಲ ಹೇಳಿದೆ. ಪೂರ್ತಿ. “ನಮ್ಮನ್ನ ಒಂದ್ಸಲ ಕೇಳೋದಲ್ವಾ?” ಅಂದಳು. “ನಮ್ಮಮ್ಮ ಏಣಿ ಹಾಕ್ಕೊಂಡಾದ್ರೂ ಹತ್ತಿರೋರು.” ಆಮೇಲೆ ಆ ಬಗ್ಗೆ ಮಾತಾಡಿಲ್ಲ. ಈಗ ವಾರಕ್ಕೊಮ್ಮೆ ಅವಳೇ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ನಸೀಮಾಳ ಹತ್ತಿರ ಕೂತು ಬರುತ್ತಾಳೆ. ಗಾಡಿಯಲ್ಲಿ ಬಿಡಲಾ ಅಂದರೆ ಬೇಡ ಅನ್ನುತ್ತಾಳೆ.

ನಾನು ದಿನಾ ಏಳು ಸೀಟಿನ ಗಾಡಿಯಲ್ಲಿ ಒಬ್ಬನೇ ಕಾಲೇಜಿಗೆ ಹೋಗುತ್ತೇನೆ. ಇಮ್ತಿಯಾಜ್ ಫೋನು ಎತ್ತುತ್ತಾನೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ‘ಮಾರಾಯ’ ಅನ್ನುವುದನ್ನು ಬಿಟ್ಟಿದ್ದಾನೆ.

ಮೊನ್ನೆ ಕಂಪನಿಯಿಂದ ಫೋನು ಬಂತು. ಯಾವುದೋ ಊರಿನ, ಯಾವುದೋ ಹುಡುಗಿ, ಬಹಳ ಮರ್ಯಾದೆಯ ದನಿ. “ಸರ್, ಹೊಸ ಗಾಡಿ ಹೇಗಿದೆ? ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?”

ಹತ್ತಕ್ಕೆ ಹತ್ತು ಕೊಟ್ಟೆ. ತಗೊಂಡವನಿಗೆ ಎಷ್ಟು ಅಂತ ಪುಣ್ಯಕ್ಕೆ ಆಕೆ ಕೇಳಲಿಲ್ಲ.